ಅಪ್ಪನ ಕರೆಂಟ್, ನನ್ನ ಡಬ್ಬಿ

ನಮ್ಮ ನೆಲ್ಯಾಡಿ ಕಡೆ ರೇಡಿಯೇಶನ್ ಅಂತ ಯಾರೂ ಹೇಳುವುದಿಲ್ಲ, ‘ಕರೆಂಟ್ ಕೊಡುವುದು’ ಅಂತಲೇ. ಕೆನ್ನೆಯ ಒಳಗಿನ ಗಡ್ಡೆ ತೆಗೆದ ಮೇಲೆ ಅಪ್ಪನಿಗೆ 30 ಕರೆಂಟ್ ಅಂತ ಆಯಿತು. ದಿನಕ್ಕೆ 2 ಗ್ರೇ, ಸೋಮವಾರದಿಂದ ಶುಕ್ರವಾರ, ಆರು ವಾರ. ನಲವತ್ತು ವರ್ಷ ಎಲೆಯಡಿಕೆ, ಹೊಗೆಸೊಪ್ಪು ಜಗಿದ ಬಾಯಿ ಅದು. ಅಡಿಕೆಯೇ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಐಎಆರ್‌ಸಿ 2004ರಲ್ಲೇ ಹೇಳಿದೆ. ಅಡಿಕೆ ತೋಟದ ಮನೆಯಲ್ಲಿ ಆ ಮಾತು ತೆಗೆದರೆ ಊಟಕ್ಕೆ ಯಾರೂ ಕೂರುವುದಿಲ್ಲ. ಬಿಡಿ.

ನಾನು ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಬಂದೆ. ದಿನಾ ಮಂಗಳೂರಿಗೆ ಹೋಗಿ ಬರುವುದು. ಮೂರನೇ ವಾರಕ್ಕೆ ಬಾಯಿ ತುಂಬ ಹುಣ್ಣು, ಗಂಜಿ ತಿಳಿಯೂ ಇಳಿಯುತ್ತಿರಲಿಲ್ಲ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದ ರಾತ್ರಿ ಫೋನ್ ಹಿಡಿದು ಹುಡುಕುತ್ತಾ ಕೂತೆ. ಸಿಕ್ಕಿದ್ದು ಗ್ಲುಟಾಥಯೋನ್. ಹೌದು, ಬಣ್ಣ ಬಿಳಿ ಮಾಡುತ್ತದೆ ಅಂತ ಇನ್‌ಸ್ಟಾದಲ್ಲಿ ಮಾರುತ್ತಾರಲ್ಲ, ಅದೇ.

ಅದೊಂದು ಪುಟ್ಟ ಪೆಪ್ಟೈಡ್. ಬರೀ ಮೂರು ಅಮೈನೋ ಆಮ್ಲಗಳ ಕೊಂಡಿ. ನಮ್ಮ ಜೀವಕೋಶಗಳೇ ಅದನ್ನು ತಯಾರಿಸಿಕೊಳ್ಳುತ್ತವೆ. ವಿಕಿರಣ ಡಿಎನ್‌ಎಗೆ ನೇರವಾಗಿ ಹೊಡೆಯುವುದಕ್ಕಿಂತ, ಜೀವಕೋಶದೊಳಗಿನ ನೀರನ್ನು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಪುಂಡರನ್ನು ಹುಟ್ಟಿಸಿ ಅವರಿಂದ ಹೊಡೆಸುವುದೇ ಹೆಚ್ಚು. ಗ್ಲುಟಾಥಯೋನ್ ತನ್ನ ಗಂಧಕಕ್ಕೆ ಅಂಟಿದ ಒಂದು ಹೈಡ್ರೋಜನ್ ಕೊಟ್ಟು ಅವರನ್ನು ತಣ್ಣಗಾಗಿಸುತ್ತದೆ.

ಇನ್ನೂ ಓದಿದೆ. 1956ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ, ಗಾಮಾ ಕಿರಣ ಕೊಟ್ಟರೂ ಕೆಟ್ಟುಹೋದ ಮಾಂಸದ ಡಬ್ಬಿಯಲ್ಲಿ ಡೈನೋಕಾಕಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತಂತೆ. ಮೈಗೆಲ್ಲ 5 ಗ್ರೇ ಬಿದ್ದರೆ ಮನುಷ್ಯ ಉಳಿಯುವುದು ಕಷ್ಟ. ಇದು 10,000 ಗ್ರೇಯಲ್ಲೂ ಬದುಕುತ್ತದೆ. ಅದರ ಡಿಎನ್‌ಎ ನೂರಾರು ತುಂಡಾಗುತ್ತದೆ, ಕೆಲವೇ ಗಂಟೆಗಳಲ್ಲಿ ಮತ್ತೆ ಜೋಡಣೆಯಾಗುತ್ತದೆ. ಮೈಕೇಲ್ ಡೇಲಿ ಎಂಬ ವಿಜ್ಞಾನಿಯ ತಂಡ ಕಂಡುಕೊಂಡಂತೆ, ಅದರೊಳಗೆ ಮ್ಯಾಂಗನೀಸ್, ಫಾಸ್ಫೇಟ್ ಜೊತೆ ಸೇರಿದ ಪುಟ್ಟ ಪೆಪ್ಟೈಡ್‌ಗಳು ಮುಖ್ಯವಾಗಿ ಕಾಯುವುದು ರಿಪೇರಿ ಮಾಡುವ ಪ್ರೋಟೀನುಗಳನ್ನು. ಮಳೆಗಾಲದಲ್ಲಿ ನಮ್ಮೂರಲ್ಲಿ ಮರ ಬಿದ್ದು ಲೈನ್ ತುಂಡಾದರೂ ಲೈನ್‌ಮ್ಯಾನ್ ಚೆನ್ನಾಗಿದ್ದರೆ ಸಂಜೆಗೆ ಕರೆಂಟ್ ಬರುತ್ತದಲ್ಲ, ಹಾಗೆ.

ನನಗೆ ಅಷ್ಟು ಸಾಕಾಯಿತು. 1,800 ರೂಪಾಯಿಯ ಡಬ್ಬಿ ಆರ್ಡರ್ ಮಾಡಿದೆ. ಗಂಜಿಗೆ ಕಲಸಿಬಿಡುವುದು, ಅಪ್ಪನಿಗೆ ಹೇಳುವುದೇ ಬೇಡ ಅಂತಿದ್ದೆ. ಯಾಕೋ ಮರುದಿನ ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಹೋದೆ.

ಡಾಕ್ಟ್ರು ಲೇಬಲ್ ಓದಿ ಕೇಳಿದ್ದು ಒಂದೇ ಪ್ರಶ್ನೆ. “ಇದು ಯಾವ ಕೋಶವನ್ನು ಕಾಯಬೇಕು ಅಂತ ಇದಕ್ಕೆ ಯಾರು ಹೇಳುವುದು?”

ನಾನು ಸುಮ್ಮನಾದೆ. ಗಡ್ಡೆಯಿಂದ ತಪ್ಪಿಸಿಕೊಂಡು ಉಳಿದಿರಬಹುದಾದ ಕೋಶದ ಡಿಎನ್‌ಎ ಒಡೆಯಲಿ ಅಂತಲೇ ಅಲ್ಲವೇ ಅಷ್ಟು ದೂರ ಹೋಗುವುದು! ಕ್ಯಾನ್ಸರ್ ಕೋಶಗಳಲ್ಲೂ ಗ್ಲುಟಾಥಯೋನ್ ಇರುತ್ತದೆ, ಎಷ್ಟೋ ಸಲ ಬೇಕಾದ್ದಕ್ಕಿಂತ ಜಾಸ್ತಿಯೇ. ಬಾಯಲ್ಲಿ ತಿಂದದ್ದು ಬಹುಪಾಲು ಹೊಟ್ಟೆ, ಕರುಳಲ್ಲೇ ಒಡೆದುಹೋಗುತ್ತದೆ ಅಂದರು, “ಆದ್ರೆ ನಿಮ್ಮ ಪುಣ್ಯ ನಂಬಿ ನಾನು ಕೊಡ್ಲಿಕ್ಕೆ ಆಗೂದಿಲ್ಲ.” ಕೆನಡಾದ ಕ್ವಿಬೆಕ್‌ನ ಅಧ್ಯಯನವೊಂದನ್ನೂ ಹೇಳಿದರು, 2005ರಲ್ಲಿ ಪ್ರಕಟವಾದದ್ದು. ತಲೆ–ಕುತ್ತಿಗೆ ಕ್ಯಾನ್ಸರಿನ 540 ಜನ. ಪೆಪ್ಟೈಡ್ ಅಲ್ಲ, ವಿಟಮಿನ್ ಇ ಮತ್ತು ಬೀಟಾ ಕ್ಯಾರೋಟಿನ್. ರ‍್ಯಾಡಿಕಲ್ ತಣಿಸುವ ಕೆಲಸ ಮಾತ್ರ ಅದೇ. ತೆಗೆದುಕೊಂಡವರಿಗೆ ಅಡ್ಡಪರಿಣಾಮ ಕಡಿಮೆ ಇತ್ತು. ಕ್ಯಾನ್ಸರ್ ಅದೇ ಜಾಗದಲ್ಲಿ ಮರಳುವುದು ಹೆಚ್ಚಾಗುವಂತೆ ಕಂಡಿತು.

ಆ ಹುಣ್ಣು ಕಮ್ಮಿಯಾಗಿದ್ದರೆ ನಾನು ಎಷ್ಟು ಖುಷಿಪಡುತ್ತಿದ್ದೆ ಅಂತ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಮತ್ತೆ ಒಳ್ಳೆ ಕೋಶಗಳ ಗತಿ? ಅದಕ್ಕೇ ಒಂದೇ ಸಲ ಕೊಡದೆ 30 ಕಂತು ಮಾಡುವುದಂತೆ. ಇವತ್ತಿನ ಕರೆಂಟಿಗೂ ನಾಳೆಯದಕ್ಕೂ ನಡುವಿನ ಗಂಟೆಗಳಲ್ಲಿ ಆರೋಗ್ಯವಂತ ಕೋಶ ತನ್ನ ಡಿಎನ್‌ಎ ಹೊಲಿದುಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಆ ಕೆಲಸ ಅಷ್ಟು ಚೆನ್ನಾಗಿ ಬರುವುದಿಲ್ಲ. ಹುಣ್ಣಿಗೆ ಬಾಯಿ ಮುಕ್ಕಳಿಸುವ ಔಷಧ, ನೋವಿನ ಸಿರಪ್ ಬರೆದುಕೊಟ್ಟರು. ಗಂಜಿ ಇಳಿಯದಿದ್ದರೆ ಮೂಗಿಗೆ ಟ್ಯೂಬ್ ಹಾಕುವ, ಹೆದರಬೇಡಿ ಅಂದರು.

ಬಸ್ಸಿನಲ್ಲಿ ಅಪ್ಪ ಡಬ್ಬಿ ನೋಡಿದರು. “ಎಂತ ಮಾರಾಯ ಅದು?”

ಹೇಳಿದೆ. ಎಲ್ಲವನ್ನೂ, ಗಂಜಿಗೆ ಕಲಸಲು ಹೊರಟಿದ್ದನ್ನೂ.

ಉಪ್ಪಿನಂಗಡಿ ದಾಟುವವರೆಗೆ ಅವರು ಮಾತಾಡಲಿಲ್ಲ. ಆಮೇಲೆ ಟವೆಲಿನಿಂದ ಬಾಯಿ ಒರೆಸಿಕೊಂಡು, “ಇನ್ನು ಎಂತ ಹಾಕುದಾದ್ರೂ ನನ್ನ ಹತ್ರ ಕೇಳಿ ಹಾಕು” ಅಂದರು. ಅವತ್ತಿಗೆ 17 ಮುಗಿದಿತ್ತು.