ಸಮ್ಮತಿ ಪತ್ರದಲ್ಲಿ ಇಲ್ಲದ ಸಾಲು

ದೊಡ್ಡ ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳಲ್ಲಿ ರೋಗಿಯ ಕೈಗೆ ಕೆಲವೊಮ್ಮೆ ಔಷಧದ ಚೀಟಿಗಿಂತ ಮೊದಲು ಹಲವು ಪುಟಗಳ ಕಾಗದದ ಕಟ್ಟೊಂದು ಬರುತ್ತದೆ. ಹೊಸ ಔಷಧವೊಂದರ ಪ್ರಯೋಗ ನಡೆಯುತ್ತಿದೆ, ನಿಮ್ಮ ಕಾಯಿಲೆಯವರೇ ಬೇಕಾಗಿದ್ದಾರೆ, ಒಪ್ಪಿಗೆಯಾದರೆ ಇಲ್ಲಿ ಸಹಿ ಮಾಡಿ ಎಂದು ವಿನಯದಿಂದಲೇ ಕೇಳಲಾಗುತ್ತದೆ. ಬೆಂಗಳೂರು, ಮಂಗಳೂರು, ಮಣಿಪಾಲಗಳ ಆಸ್ಪತ್ರೆಗಳಿಗೆ ಹೋಗಿಬರುವ ನಮ್ಮ ಓದುಗರಲ್ಲಿ ಕೆಲವರಿಗಾದರೂ ಈ ಅನುಭವ ಆಗಿರಬಹುದು. ಡಾಕ್ಟರರೇ ಹೇಳಿದ ಮೇಲೆ ನಾವು ಓದುವುದೇನಿದೆ ಎಂದು ಪುಟ ತಿರುವದೆ ಸಹಿ ಹಾಕುವವರುಂಟು. ನಮ್ಮನ್ನೇನು ಇಲಿಗಳೆಂದು ತಿಳಿದಿರಾ ಎಂದು ಸಿಡುಕಿ ಎದ್ದು ಹೋಗುವವರೂ ಉಂಟು. ಕಾಗದವನ್ನು ಇಬ್ಬರೂ ಓದಿರುವುದಿಲ್ಲ. ಆದರೆ ಓದಿ, ಕೇಳಿ, ಮನೆಮಂದಿಯೆಲ್ಲ ಕುಳಿತು ವಿಚಾರ ಮಾಡಿ ಸಹಿ ಹಾಕಿದವನಿಗೂ ಸತ್ಯ ತಿಳಿಯದೆ ಹೋಗಬಹುದೆಂಬುದಕ್ಕೆ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1999ರಲ್ಲಿ ನಡೆದ ಒಂದು ದುರಂತವೇ ಸಾಕ್ಷಿ.

ಜೆಸ್ಸಿ ಗೆಲ್ಸಿಂಗರ್ ಅರಿಜೋನಾ ರಾಜ್ಯದ ಟೂಸಾನ್ ನಗರದ ಹುಡುಗ. ಹುಟ್ಟಿನಿಂದಲೇ ಅವನ ಯಕೃತ್ತಿನಲ್ಲಿ ಒಂದು ಕಿಣ್ವದ ಕೊರತೆಯಿತ್ತು. ಬೇಳೆ, ಮೊಟ್ಟೆ, ಮಾಂಸಗಳಲ್ಲಿರುವ ಪ್ರೋಟೀನು ದೇಹದಲ್ಲಿ ವಿಭಜನೆಯಾದಾಗ ಉಂಟಾಗುವ ಅಮೋನಿಯಾವನ್ನು ನಿರಪಾಯಗೊಳಿಸಲು ಆ ಕಿಣ್ವ ಬೇಕು. ಅದು ಇಲ್ಲವಾದರೆ ಅಮೋನಿಯಾ ರಕ್ತದಲ್ಲಿ ಏರಿ ಮೆದುಳನ್ನು ಘಾಸಿಗೊಳಿಸುತ್ತದೆ. ಈ ರೋಗದ ಉಗ್ರ ರೂಪವನ್ನು ಹೊತ್ತು ಹುಟ್ಟಿದ ಗಂಡುಕೂಸುಗಳಲ್ಲಿ ಅನೇಕವು ಮೊದಲ ತಿಂಗಳನ್ನೇ ದಾಟುತ್ತಿರಲಿಲ್ಲ. ಜೆಸ್ಸಿಯದು ಸೌಮ್ಯ ರೂಪ. ಕಟ್ಟುನಿಟ್ಟಿನ ಪಥ್ಯ, ದಿನಕ್ಕೆ ಹತ್ತಾರು ಮಾತ್ರೆ. ಇವೆರಡನ್ನು ಪಾಲಿಸಿದರೆ ಉಳಿದಂತೆ ಎಲ್ಲ ಹದಿಹರೆಯದವರ ಹಾಗೆಯೇ ಇದ್ದವನು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವಂಶವಾಹಿ ಚಿಕಿತ್ಸಾ ಸಂಸ್ಥೆಯಲ್ಲಿ ಈ ರೋಗಕ್ಕೆ ಹೊಸ ಮಾರ್ಗವೊಂದನ್ನು ಹುಡುಕುತ್ತಿದ್ದರು. ನೆಗಡಿ ತರುವ ಜಾತಿಯ ವೈರಾಣುವೊಂದನ್ನು ದುರ್ಬಲಗೊಳಿಸಿ, ಅದರೊಳಗೆ ಸರಿಯಾದ ವಂಶವಾಹಿಯನ್ನು ಇರಿಸಿ, ಯಕೃತ್ತಿಗೆ ಸಾಗಿಸುವ ಯೋಜನೆ ಅದು. ಯಾರ ಮೇಲೆ ಪ್ರಯೋಗಿಸಬೇಕು? ಸಾಯುತ್ತಿರುವ ಕೂಸುಗಳ ಮೇಲೆಂದು ತೋರುವುದು ಸಹಜ. ಆದರೆ ಕಣ್ಣೆದುರು ಮಗು ಸಾಯುತ್ತಿರುವಾಗ ತಂದೆತಾಯಿಗಳು ಏನು ಕೇಳಿದರೂ ಒಪ್ಪಿಬಿಡುತ್ತಾರೆ, ಅಂಥ ಒಪ್ಪಿಗೆ ಸ್ವತಂತ್ರ ಒಪ್ಪಿಗೆಯಾಗದು ಎಂದು ವಿಶ್ವವಿದ್ಯಾನಿಲಯದ ನೀತಿತಜ್ಞ ಆರ್ಥರ್ ಕ್ಯಾಪ್ಲನ್ ಸಲಹೆಯಿತ್ತರು. ಆದ್ದರಿಂದ ರೋಗವು ಹಿಡಿತದಲ್ಲಿದ್ದ ವಯಸ್ಕರನ್ನು ಆರಿಸಿಕೊಳ್ಳಲಾಯಿತು. ಸದುದ್ದೇಶದ ಸಲಹೆಯೇ. ಆದರೆ ಅದರ ಫಲವಾಗಿ, ಈ ಚಿಕಿತ್ಸೆಯ ಅವಶ್ಯಕತೆಯೇ ಇಲ್ಲದವರು ಅದರ ಅಪಾಯಕ್ಕೆ ಮೈಯೊಡ್ಡಬೇಕಾಯಿತು.

ತನಗೆ ಇದರಿಂದ ಗುಣವಾಗದೆಂದು ಜೆಸ್ಸಿಗೆ ತಿಳಿದಿತ್ತು. ತಾನು ಸತ್ತರೂ ಅದು ಆ ಕೂಸುಗಳಿಗಾಗಿ ಎಂಬರ್ಥದ ಮಾತನ್ನು ಹೊರಡುವ ಮುನ್ನ ಗೆಳೆಯನೊಬ್ಬನಿಗೆ ಆಡಿದ್ದನಂತೆ. 18 ವರ್ಷ ತುಂಬಿದ ದಿನವೇ ಮನೆಯವರೊಂದಿಗೆ ಫಿಲಡೆಲ್ಫಿಯಾಕ್ಕೆ ಹೋಗಿ ಪರೀಕ್ಷೆಗಳಿಗೆ ಒಳಗಾದ. ಸೆಪ್ಟೆಂಬರಿನಲ್ಲಿ ಒಬ್ಬನೇ ಮರಳಿ ಹೋದ. 13ರಂದು ಯಕೃತ್ತಿನ ಅಪಧಮನಿಗೆ ವೈರಾಣುವನ್ನು ಹರಿಸಲಾಯಿತು. ಅವನು ಈ ಪ್ರಯೋಗದ 18ನೆಯ ವ್ಯಕ್ತಿ, ಅತ್ಯಧಿಕ ಪ್ರಮಾಣವನ್ನು ಪಡೆದ ಗುಂಪಿನವನು. ಅದೇ ರಾತ್ರಿ ಜ್ವರ ಏರಿತು. ಮರುದಿನ ಕಾಮಾಲೆಯ ಲಕ್ಷಣ; ಅನಂತರ ಯಕೃತ್ತು, ಮೂತ್ರಪಿಂಡ, ಶ್ವಾಸಕೋಶಗಳು ಒಂದೊಂದಾಗಿ ಸೋತವು. 17ರಂದು ಅವನು ಕೊನೆಯುಸಿರೆಳೆದ.

ತಂದೆ ಪಾಲ್ ಗೆಲ್ಸಿಂಗರ್ ಮೊದಲು ವೈದ್ಯರನ್ನು ದೂಷಿಸಲಿಲ್ಲ. ನವೆಂಬರಿನಲ್ಲಿ ಟೂಸಾನ್ ಬಳಿಯ ಬೆಟ್ಟವೊಂದರ ಮೇಲೆ ಮಗನ ಚಿತಾಭಸ್ಮವನ್ನು ಗಾಳಿಗೆ ಚೆಲ್ಲಿದಾಗ, ಜೆಸ್ಸಿಯ ಮೇಲೆ ಪ್ರಯೋಗ ನಡೆಸಿದ ಶಸ್ತ್ರವೈದ್ಯರೇ ಜೊತೆಯಲ್ಲಿ ನಿಂತಿದ್ದರು. ಯಾರದ್ದೂ ತಪ್ಪಲ್ಲದ ದುರದೃಷ್ಟವೆಂದೇ ಆ ತಂದೆ ನಂಬಿದ್ದರು. ಮುಂದಿನ ವಾರಗಳಲ್ಲಿ ಒಂದೊಂದೇ ಸಂಗತಿ ಹೊರಬಿದ್ದಿತು. ಇದೇ ಬಗೆಯ, ಆದರೆ ಹೆಚ್ಚು ಪ್ರಬಲವಾದ ವೈರಾಣುವನ್ನು ಪಡೆದ ಕೋತಿಗಳು ಸತ್ತಿದ್ದವು. ಆ ಸಾಲು ಕರಡು ಪತ್ರದಲ್ಲಿದ್ದು, ರೋಗಿಗಳ ಕೈಸೇರಿದ ಸಮ್ಮತಿ ಪತ್ರದಿಂದ ಮಾಯವಾಗಿತ್ತು. ಜೆಸ್ಸಿಗಿಂತ ಮೊದಲೇ ಕೆಲವರ ಯಕೃತ್ತಿಗೆ ತೀವ್ರ ತೊಂದರೆಯಾಗಿದ್ದರೂ ಪ್ರಯೋಗ ಮುಂದುವರಿದಿತ್ತು. ಚುಚ್ಚುಮದ್ದಿಗೆ ಮುನ್ನ ಅವನ ಅಮೋನಿಯಾ ಪ್ರಮಾಣ ಪ್ರಯೋಗದ ನಿಯಮವು ಹಾಕಿದ ಮಿತಿಯನ್ನು ಮೀರಿತ್ತು ಎಂದು ಸರ್ಕಾರದ ಔಷಧ ನಿಯಂತ್ರಕರು ಆಕ್ಷೇಪಿಸಿದರು. ಸಂಸ್ಥೆಯ ನಿರ್ದೇಶಕರೇ ಸ್ಥಾಪಿಸಿದ ಕಂಪನಿಗೆ ಈ ಸಂಶೋಧನೆಯಲ್ಲಿ ಹಣದ ಹಿತಾಸಕ್ತಿಯಿತ್ತು. ವಿಶ್ವವಿದ್ಯಾನಿಲಯವೂ ಆ ಕಂಪನಿಯ ಪಾಲುದಾರನಾಗಿತ್ತು. 2000ದ ಜನವರಿಯಲ್ಲಿ ಅಲ್ಲಿನ ವಂಶವಾಹಿ ಪ್ರಯೋಗಗಳನ್ನೆಲ್ಲ ನಿಲ್ಲಿಸಲಾಯಿತು. ಫೆಬ್ರವರಿಯಲ್ಲಿ ಆ ತಂದೆ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. 2005ರಲ್ಲಿ ವಿಶ್ವವಿದ್ಯಾನಿಲಯವು ತಪ್ಪೊಪ್ಪಿಕೊಳ್ಳದೆಯೇ 5,17,496 ಡಾಲರುಗಳನ್ನು ಸರ್ಕಾರಕ್ಕೆ ತೆತ್ತು ಪ್ರಕರಣವನ್ನು ಮುಗಿಸಿಕೊಂಡಿತು. ಬೃಹತ್ ವಿಶ್ವವಿದ್ಯಾನಿಲಯಕ್ಕೆ ಅದೇನು ದೊಡ್ಡ ಮೊತ್ತವಲ್ಲ.

ಹಣದ ಮಾತು ಹಾಗಿರಲಿ. ನಮ್ಮನ್ನು ಕಾಡುವುದು ಆ ಹುಡುಗನ ಔದಾರ್ಯಕ್ಕೆ ಆದ ಅಪಚಾರ. ಅವನು ತನ್ನ ದೇಹವನ್ನು ಪರರಿಗಾಗಿ ಕೊಡಲು ಬಂದವನು. ಕೊಡುವವನಿಗೆ ತಾನು ಕೊಡುತ್ತಿರುವುದು ಎಷ್ಟೆಂದು ತಿಳಿದಿದ್ದರೆ ಮಾತ್ರ ಅದು ದಾನ. ಕೋತಿಗಳು ಸತ್ತ ಸಂಗತಿಯನ್ನು ಓದಿದ್ದರೂ ಜೆಸ್ಸಿ ಒಪ್ಪುತ್ತಿದ್ದನೋ ಏನೋ. ಅವನ ಸ್ವಭಾವ ನೋಡಿದರೆ ಒಪ್ಪಿಯೂ ಇದ್ದಾನು. ಆದರೆ ಆ ನಿರ್ಧಾರ ಅವನದಾಗಬೇಕಿತ್ತು. ಪೋಪ್ ಹನ್ನೆರಡನೆಯ ಪಿಯೂಸರು 1952ರ ಸೆಪ್ಟೆಂಬರಿನಲ್ಲಿ ನರರೋಗ ತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನವನ್ನು ಉದ್ದೇಶಿಸಿ ಮಾತನಾಡುತ್ತ, ರೋಗಿಯ ಮೇಲೆ ವೈದ್ಯನಿಗಿರುವ ಅಧಿಕಾರ ರೋಗಿಯು ಕೊಟ್ಟಷ್ಟೇ ಎಂದೂ, ವಿಜ್ಞಾನದ ಹಿತವಾಗಲಿ ಸಮಾಜದ ಹಿತವಾಗಲಿ ಆ ಎಲ್ಲೆಯನ್ನು ಅಳಿಸಲಾರದೆಂದೂ ಸ್ಪಷ್ಟಪಡಿಸಿದ್ದರು. ಮಾನವರ ಮೇಲಿನ ಪ್ರಯೋಗದ ಹೆಸರಿನಲ್ಲಿ ನಾಜಿ ವೈದ್ಯರು ನಡೆಸಿದ ಕ್ರೌರ್ಯಗಳು ಆಗ ಇನ್ನೂ ಹಸಿಯಾಗಿಯೇ ನೆನಪಿನಲ್ಲಿದ್ದವು.

ಹಾಗೆಂದು ಪ್ರಯೋಗಗಳೇ ಬೇಡವೆನ್ನುವುದು ಕೃತಘ್ನತೆಯಾದೀತು. 1950ರ ದಶಕದ ಆರಂಭದಲ್ಲಿ ರಕ್ತದ ಕ್ಯಾನ್ಸರ್ ತಗುಲಿದ ಮಗುವೆಂದರೆ ಕೆಲವು ತಿಂಗಳ ಅತಿಥಿ. ಇಂದು ಸೌಕರ್ಯವಿರುವ ದೇಶಗಳಲ್ಲಿ ಆ ರೋಗದ ಪ್ರಧಾನ ವಿಧಕ್ಕೆ ತುತ್ತಾದ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಮಂದಿ ಬದುಕುಳಿಯುತ್ತಾರೆ. ಒಂದು ಪ್ರಯೋಗದಿಂದ ಮತ್ತೊಂದಕ್ಕೆ ಹೆಜ್ಜೆಯಿಟ್ಟು ತಲಪಿದ ಸ್ಥಿತಿಯಿದು; ಪ್ರತಿ ಹೆಜ್ಜೆಯಲ್ಲೂ ಯಾವುದೋ ತಂದೆತಾಯಿಗಳ ಸಹಿಯಿದೆ. ಜೆಸ್ಸಿ ಮಡಿದ ಫಿಲಡೆಲ್ಫಿಯಾದಲ್ಲಿಯೇ 2025ರ ಫೆಬ್ರವರಿಯಲ್ಲಿ ಮಕ್ಕಳ ಆಸ್ಪತ್ರೆಯೊಂದರ ವೈದ್ಯರು, ಅದೇ ವಿಶ್ವವಿದ್ಯಾನಿಲಯದ ವಿಜ್ಞಾನಿಗಳೊಡನೆ ಸೇರಿ, ಅವನ ರೋಗದ ಹತ್ತಿರದ ಬಂಧುವೆನ್ನಬಹುದಾದ ಕಾಯಿಲೆಯ ಹಸುಳೆಯೊಂದಕ್ಕೆ ಅದರ ವಂಶವಾಹಿಯ ದೋಷಕ್ಕೆಂದೇ ಸಿದ್ಧಪಡಿಸಿದ ಚಿಕಿತ್ಸೆಯನ್ನು ನೀಡಿದರು. ಈ ಬಾರಿ ವಾಹಕವಾದದ್ದು ವೈರಾಣುವಲ್ಲ, ಕೊಬ್ಬಿನ ಅತಿಸೂಕ್ಷ್ಮ ಕಣಗಳು. ಮಗು ಜೂನ್ ತಿಂಗಳಲ್ಲಿ ಮನೆಗೆ ಹೋಯಿತು.

ನಮ್ಮ ಮನೆಗಳ ಮಾತಿಗೆ ಬರೋಣ. ಆಸ್ಪತ್ರೆಯಲ್ಲಿ ಕೊಡುವುದೆಲ್ಲ ಚಿಕಿತ್ಸೆಯೇ ಎಂದು ನಂಬುವುದು ನಮ್ಮ ಜನರ ಸಾಮಾನ್ಯ ತಪ್ಪು ತಿಳಿವಳಿಕೆ. ಮೊದಲ ಹಂತದ ಪ್ರಯೋಗ ಕೇಳುವ ಪ್ರಧಾನ ಪ್ರಶ್ನೆ, ಈ ವಸ್ತುವನ್ನು ಮನುಷ್ಯನ ದೇಹ ಎಷ್ಟರಮಟ್ಟಿಗೆ ತಾಳಿಕೊಳ್ಳುತ್ತದೆ ಎಂಬುದು. ಮುಂದಿನ ಹಂತಗಳಲ್ಲಿ ಯಾರಿಗೆ ಹೊಸ ಔಷಧ, ಯಾರಿಗೆ ಹಳೆಯದು ಎಂಬುದನ್ನು ಅನೇಕ ವೇಳೆ ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಗುತ್ತದೆ. ಅದು ವೈದ್ಯರಿಗೂ ಗೊತ್ತಿರದೆ ಇರಬಹುದು. ಇದು ಮೋಸವಲ್ಲ, ವಿಧಾನ. ಆದರೆ ಅದನ್ನು ರೋಗಿಗೆ ಹೇಳದಿದ್ದರೆ ಮೋಸವೇ.

ನಮ್ಮ ದೇಶದಲ್ಲಿ 2019ರಲ್ಲಿ ಜಾರಿಗೆ ಬಂದ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಾವಳಿ ರೋಗಿಯ ಪಕ್ಷದಲ್ಲಿ ಸಾಕಷ್ಟು ಬಲವಾಗಿಯೇ ಇದೆ. ವಿವರಗಳು ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಸಹಿಯಾದ ಪತ್ರದ ಪ್ರತಿ ಅವನಿಗೆ ಸಲ್ಲಬೇಕು. ಓದುಬರಹ ಬಾರದವರಿದ್ದರೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಹಾಜರಿರಬೇಕು. ಯಾವ ಗಳಿಗೆಯಲ್ಲಾದರೂ ಹಿಂದೆ ಸರಿಯಬಹುದು, ಅದರಿಂದ ಮಾಮೂಲಿನ ಚಿಕಿತ್ಸೆ ತಪ್ಪಬಾರದು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಗಳ ಹೊಣೆಯುಂಟು. ಕಾಗದ ಕೈಗೆ ಬಂದವರು ಅಲ್ಲಿಯೇ ಸಹಿ ಹಾಕದೆ ಮನೆಗೆ ಒಯ್ಯಲು ಕೇಳಲಿ. ಸಂಜೆ ಜಪಸರ ಮುಗಿದ ಮೇಲೆ ಮನೆಯ ಓದಿದ ಮಕ್ಕಳು ಅದನ್ನು ಗಟ್ಟಿಯಾಗಿ ಓದಿ ಹೇಳಲಿ. ಧರ್ಮಕೇಂದ್ರದಲ್ಲಿ ನರ್ಸ್ ಆಗಿ ದುಡಿದ ಸೋದರಿಯರಿದ್ದರೆ ಅವರನ್ನೂ ಕೇಳಲಿ. ಪ್ರಾಣಿಗಳ ಮೇಲೆ ಏನಾಯಿತು, ನನಗಿಂತ ಮೊದಲು ಸೇರಿದವರಿಗೆ ಏನಾಯಿತು, ಇದಕ್ಕೆ ಹಣ ಕೊಡುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಮರುದಿನ ಡಾಕ್ಟರರ ಮುಂದಿಡಲು ಸಂಕೋಚ ಬೇಡ. ಪ್ರಾಮಾಣಿಕ ವೈದ್ಯರು ಇದರಿಂದ ಬೇಸರಪಡುವುದಿಲ್ಲ.

ಇನ್ನೊಂದು ಸಂಗತಿ ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಂತಿಲ್ಲ. ಇಂಥ ಪ್ರಯೋಗಗಳಿಗೆ ಅನುಮತಿ ನೀಡುವ ನೀತಿ ಸಮಿತಿಗಳಲ್ಲಿ ಕನಿಷ್ಠ ಏಳು ಮಂದಿ ಇರಬೇಕೆಂದೂ, ಅವರಲ್ಲಿ ಅರ್ಧದಷ್ಟಾದರೂ ಆ ಸಂಸ್ಥೆಗೆ ಸೇರದವರಾಗಿರಬೇಕೆಂದೂ ನಿಯಮವಿದೆ. ಒಬ್ಬ ಕಾನೂನು ಬಲ್ಲವರು, ಒಬ್ಬ ಸಾಮಾನ್ಯ ನಾಗರಿಕರು, ಹಾಗೆಯೇ ಸಮಾಜ ವಿಜ್ಞಾನಿ, ತತ್ವಶಾಸ್ತ್ರಜ್ಞ ಇಲ್ಲವೆ ದೇವಶಾಸ್ತ್ರಜ್ಞರಲ್ಲಿ ಒಬ್ಬರು ಅಲ್ಲಿ ಕುಳಿತುಕೊಳ್ಳಬೇಕು. ನಮ್ಮ ಗುರುಗಳಿಗೋ ನಿವೃತ್ತ ಶಿಕ್ಷಕರಿಗೋ ಅಂಥ ಆಹ್ವಾನ ಬಂದರೆ, ವೈದ್ಯಶಾಸ್ತ್ರ ನಮಗೆ ತಿಳಿಯದು ಎಂದು ಜಾರಿಕೊಳ್ಳಬಾರದು. ರೋಗಿಗೆ ಕೊಡಲಿರುವ ಕನ್ನಡ ಪತ್ರವನ್ನು ಮೊದಲು ತಾವು ಓದಲಿ. ಎರಡು ಸಲ ಓದಿಯೂ ತಮಗೇ ಅರ್ಥವಾಗದ ಪುಟಕ್ಕೆ ಗುರುತು ಹಾಕಿ ಹಿಂದಿರುಗಿಸಲಿ.