ರಾಜೀನಾಮೆ ಪತ್ರಕ್ಕೆ ವಿಳಾಸವಿಲ್ಲದ ಲೋಕಸಭೆ

ಲೋಕಸಭೆಯ ಸ್ಪೀಕರ್ ನಾಳೆ ಹುದ್ದೆ ಬಿಡಬೇಕೆಂದುಕೊಂಡರೆ ಪತ್ರವನ್ನು ಯಾರ ಹೆಸರಿಗೆ ಬರೆಯಬೇಕು? ರಾಷ್ಟ್ರಪತಿಗಲ್ಲ, ಪ್ರಧಾನಿಗಂತೂ ಅಲ್ಲ. ಸಂವಿಧಾನದ 94ನೇ ವಿಧಿ ಹೇಳುವಂತೆ ಅದು ಡೆಪ್ಯುಟಿ ಸ್ಪೀಕರ್ ಕೈ ಸೇರಬೇಕು. ಆ ಜಾಗದಲ್ಲಿ ಯಾರೂ ಇಲ್ಲ. ಎಂ. ತಂಬಿದೊರೈ ಅವರ ಅವಧಿ 2019ರ ಮೇನಲ್ಲಿ ಮುಗಿದ ಮೇಲೆ ಆ ಹುದ್ದೆಗೆ ಚುನಾವಣೆಯೇ ನಡೆದಿಲ್ಲ. 17ನೇ ಲೋಕಸಭೆ ಡೆಪ್ಯುಟಿ ಸ್ಪೀಕರ್ ಮುಖವನ್ನೇ ನೋಡದೆ ವಿಸರ್ಜನೆಯಾಯಿತು. ಗಣರಾಜ್ಯದ ಇತಿಹಾಸದಲ್ಲಿ ಅಂಥದ್ದು ಅದೇ ಮೊದಲು. 18ನೆಯದೂ ಅದೇ ದಾರಿ ಹಿಡಿದಿದೆ.

ಸ್ಪೀಕರ್ ಮತ್ತು ಡೆಪ್ಯುಟಿ ಸ್ಪೀಕರ್ ಇಬ್ಬರನ್ನೂ ಸದನ ಆದಷ್ಟು ಬೇಗ ಆರಿಸಿಕೊಳ್ಳಬೇಕು ಎನ್ನುವುದು 93ನೇ ವಿಧಿ. ಗಡುವು ಹಾಕಿಲ್ಲವಲ್ಲ ಎಂದು ಸರ್ಕಾರದ ವಕೀಲಿ ಮಾಡುವವರು ವಾದಿಸುತ್ತಾರೆ. ಅದೇ ವಾಕ್ಯದಲ್ಲಿರುವ ಸ್ಪೀಕರ್ ಆಯ್ಕೆ ಮಾತ್ರ ಪ್ರತಿ ಬಾರಿಯೂ ಹೊಸ ಸದನ ಸೇರಿದ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ! ಒಂದೇ ವಿಧಿಯ ಅರ್ಧ ಭಾಗ ಕಟ್ಟಪ್ಪಣೆ, ಇನ್ನರ್ಧ ಐಚ್ಛಿಕ ಎಂದು ಯಾರು ತೀರ್ಮಾನಿಸಿದರು?

ಸದನ ನಡೆಸಲು ಸಭಾಧ್ಯಕ್ಷರ ತಂಡ ಇದೆಯಲ್ಲ ಎಂಬುದು ಇನ್ನೊಂದು ಸಮಜಾಯಿಷಿ. ಇದೆ, ನಿಜ. ನಿಯಮದಂತೆ ಗರಿಷ್ಠ ಹತ್ತು ಮಂದಿಯನ್ನು ಸ್ಪೀಕರ್ ಆರಿಸಿಟ್ಟುಕೊಳ್ಳುತ್ತಾರೆ. ಅವರು ಸ್ಪೀಕರ್ ಆರಿಸಿದವರು, ಸದನ ಆರಿಸಿದವರಲ್ಲ. ಡೆಪ್ಯುಟಿ ಸ್ಪೀಕರ್ ಹಾಗಲ್ಲ. ಅವರು ಸ್ಪೀಕರ್ ಕೈಕೆಳಗಿನವರೂ ಅಲ್ಲ. ಅವರನ್ನು ಇಳಿಸಬೇಕಾದರೆ 14 ದಿನಗಳ ನೋಟಿಸ್ ಕೊಟ್ಟು, ಸದನದ ಆಗಿನ ಒಟ್ಟು ಸದಸ್ಯರ ಬಹುಮತದಿಂದ ನಿರ್ಣಯ ಅಂಗೀಕರಿಸಬೇಕು. ಸ್ಪೀಕರ್ ಹುದ್ದೆಯೂ ಡೆಪ್ಯುಟಿ ಸ್ಪೀಕರ್ ಹುದ್ದೆಯೂ ಖಾಲಿಯಾದರೆ ಈ ತಂಡದ ಅಧಿಕಾರವೂ ನಿಂತುಹೋಗುತ್ತದೆ. ಆಗ ಪೀಠದಲ್ಲಿ ಯಾರು ಕೂರಬೇಕೆಂದು ರಾಷ್ಟ್ರಪತಿ ಹೇಳಬೇಕು, ಎಂದರೆ ಮಂತ್ರಿಮಂಡಲ ಹೇಳುತ್ತದೆ. ಜನರಿಂದ ನೇರವಾಗಿ ಆಯ್ಕೆಯಾದ ಸದನದ ಪೀಠ ಒಂದು ದಿನದ ಮಟ್ಟಿಗಾದರೂ ಕಾರ್ಯಾಂಗದ ಕೃಪೆಗೆ ಬೀಳುವುದೆಂದರೆ ಇದೇ.

ಇದೆಲ್ಲ ಬರೀ ಊಹೆ ಎನ್ನುವವರು ಪಕ್ಕದ ಸದನವನ್ನು ನೋಡಲಿ. 2025ರ ಜುಲೈ 21ರಂದು ಮುಂಗಾರು ಅಧಿವೇಶನ ಶುರುವಾಯಿತು. ಅದೇ ರಾತ್ರಿ ಜಗದೀಪ್ ಧನಕರ್ ಉಪರಾಷ್ಟ್ರಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ರಾಜ್ಯಸಭೆಗೆ ಸಭಾಪತಿಯೇ ಇಲ್ಲವಾಯಿತು. ಮರುದಿನ ಉಪಸಭಾಪತಿ ಹರಿವಂಶ್ ಬಂದು ಕೂತರು, ಕಲಾಪ ಸಾಗಿತು. ಸೆಪ್ಟೆಂಬರ್‌ನಲ್ಲಿ ಸಿ.ಪಿ. ರಾಧಾಕೃಷ್ಣನ್ ಆಯ್ಕೆಯಾಗುವವರೆಗೆ ಯಾವ ಬಿಕ್ಕಟ್ಟೂ ಹುಟ್ಟಲಿಲ್ಲ. ಲೋಕಸಭೆಯಲ್ಲೂ ಹಾಗೆ ಆಗಿದೆ. 2002ರ ಮಾರ್ಚ್‌ನಲ್ಲಿ ಸ್ಪೀಕರ್ ಜಿ.ಎಂ.ಸಿ. ಬಾಲಯೋಗಿ ಹೆಲಿಕಾಪ್ಟರ್ ದುರಂತದಲ್ಲಿ ತೀರಿಕೊಂಡಾಗ ಸದನವನ್ನು ನಡೆಸಿದ್ದು ಡೆಪ್ಯುಟಿ ಸ್ಪೀಕರ್ ಪಿ.ಎಂ. ಸಯೀದ್. ಅವರು ಕಾಂಗ್ರೆಸ್ಸಿಗರು. ಅಧಿಕಾರದಲ್ಲಿದ್ದದ್ದು ವಾಜಪೇಯಿ ಸರ್ಕಾರ. ಆಕಾಶವೇನೂ ಕಳಚಿಬೀಳಲಿಲ್ಲ.

ಬಿಜೆಪಿಗೆ ಈ ಹುದ್ದೆಯ ಬೆಲೆ ಗೊತ್ತಿಲ್ಲ ಎನ್ನುವಂತಿಲ್ಲ. 1991ರಲ್ಲಿ ನರಸಿಂಹ ರಾವ್ ಪ್ರಧಾನಿಯಾಗಿದ್ದಾಗ ಡೆಪ್ಯುಟಿ ಸ್ಪೀಕರ್ ಆದವರು ತುಮಕೂರಿನ ಬಿಜೆಪಿ ಸಂಸದ ಎಸ್. ಮಲ್ಲಿಕಾರ್ಜುನಯ್ಯ. 1996ರಲ್ಲಿ ದೇವೇಗೌಡರು ಪ್ರಧಾನಿ, ಡೆಪ್ಯುಟಿ ಸ್ಪೀಕರ್ ಬಿಜೆಪಿಯ ಸೂರಜ್ ಭಾನ್. ಮನಮೋಹನ್ ಸಿಂಗ್ ಕಾಲದಲ್ಲಿ ಮೊದಲು ಅಕಾಲಿ ದಳದ ಚರಣ್‌ಜಿತ್ ಸಿಂಗ್ ಅತ್ವಾಲ್, ಆಮೇಲೆ ಬಿಜೆಪಿಯ ಕಡಿಯಾ ಮುಂಡಾ. ವಿರೋಧ ಪಕ್ಷದಲ್ಲಿದ್ದಾಗ ಈ ಸಂಪ್ರದಾಯದ ಫಲವನ್ನು ಉಂಡ ಪಕ್ಷ, ಬಡಿಸುವ ಸರದಿ ಬಂದಾಗ ಎಲೆಯನ್ನೇ ಎತ್ತಿಟ್ಟಿದೆ. 2024ರ ಜೂನ್‌ನಲ್ಲಿ, ಡೆಪ್ಯುಟಿ ಸ್ಪೀಕರ್ ಸ್ಥಾನ ನಮಗೆ ಬಿಟ್ಟುಕೊಟ್ಟರೆ ಓಂ ಬಿರ್ಲಾ ಅವರನ್ನು ಬೆಂಬಲಿಸುತ್ತೇವೆ ಎಂದು ವಿರೋಧ ಪಕ್ಷಗಳು ಹೇಳಿದ್ದವು. ಷರತ್ತು ಒಪ್ಪುವುದಿಲ್ಲ ಎಂಬ ಉತ್ತರ ಬಂತು. 2025ರ ಜೂನ್‌ನಲ್ಲಿ ಮಲ್ಲಿಕಾರ್ಜುನ ಖರ್ಗೆ ಪ್ರಧಾನಿಗೆ ಪತ್ರ ಬರೆದು ಆಯ್ಕೆ ಪ್ರಕ್ರಿಯೆ ಶುರು ಮಾಡಿ ಎಂದು ಕೇಳಿದರು.

ಕೇಳುವ ಹಕ್ಕು ಕಾಂಗ್ರೆಸ್ಸಿಗೆ ಎಷ್ಟಿದೆ ಎಂದೂ ನೋಡಬೇಕು. 1980ರಲ್ಲಿ ಇಂದಿರಾ ಗಾಂಧಿ ಈ ಹುದ್ದೆಯನ್ನು ಮಿತ್ರಪಕ್ಷ ಡಿಎಂಕೆಯ ಜಿ. ಲಕ್ಷ್ಮಣನ್ ಅವರಿಗೆ ಕೊಟ್ಟರು. 1985ರಲ್ಲಿ ರಾಜೀವ್ ಗಾಂಧಿ ಇನ್ನೊಂದು ಮಿತ್ರಪಕ್ಷ ಎಐಎಡಿಎಂಕೆಗೆ ಕೊಟ್ಟರು. ಆಗಲೂ ಅದೇ ತಂಬಿದೊರೈ! ಅಷ್ಟು ದೂರ ಯಾಕೆ, ಬೆಂಗಳೂರಿನಲ್ಲಿ 2023ರಲ್ಲಿ ವಿಧಾನಸಭೆಯ ಸ್ಪೀಕರ್ ಆದ ಯು.ಟಿ. ಖಾದರ್ ಕಾಂಗ್ರೆಸ್ಸಿನವರು, ಡೆಪ್ಯುಟಿ ಸ್ಪೀಕರ್ ಆದ ರುದ್ರಪ್ಪ ಲಮಾಣಿಯವರೂ ಕಾಂಗ್ರೆಸ್ಸಿನವರೇ. ದೆಹಲಿಯಲ್ಲಿ ಹೇಳುವ ಶಾಸ್ತ್ರ ವಿಧಾನಸೌಧಕ್ಕೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ಆದರೂ ಒಂದು ವ್ಯತ್ಯಾಸವುಂಟು. ಇವರು ಕುರ್ಚಿಯನ್ನು ತಮ್ಮವರಿಗೆ ಕೊಟ್ಟರು, ಅವರು ಖಾಲಿ ಇಟ್ಟಿದ್ದಾರೆ. ಮೊದಲನೆಯದು ಔದಾರ್ಯದ ಕೊರತೆ. ಎರಡನೆಯದು ಸಂವಿಧಾನ ಹೇಳಿದ ಕೆಲಸವನ್ನೇ ಮಾಡದಿರುವುದು.

ಹಾಗಾಗಿ ಕುರ್ಚಿ ಯಾರ ಪಾಲಿಗೆ ಎಂಬ ಜಗಳವನ್ನು ಬೇಕಾದರೆ ಆಮೇಲೆ ಆಡಿಕೊಳ್ಳೋಣ. ಡೆಪ್ಯುಟಿ ಸ್ಪೀಕರ್ ಇಲ್ಲದ ಬಗ್ಗೆ ಸುಪ್ರೀಂ ಕೋರ್ಟ್ 2023ರ ಫೆಬ್ರುವರಿಯಲ್ಲೇ ಕೇಂದ್ರದಿಂದಲೂ ಐದು ರಾಜ್ಯಗಳಿಂದಲೂ ಉತ್ತರ ಕೇಳಿದೆ. ನ್ಯಾಯಾಲಯದ ಕಡೆ ನೋಡುತ್ತ ಕೂರಬೇಕಾದ ಕೆಲಸವೂ ಇದಲ್ಲ. ಲೋಕಸಭೆಯ ಕಾರ್ಯವಿಧಾನದ 8ನೇ ನಿಯಮದಂತೆ ಈ ಚುನಾವಣೆಯ ದಿನಾಂಕ ಗೊತ್ತುಮಾಡುವವರು ಸ್ಪೀಕರ್. ಓಂ ಬಿರ್ಲಾ ಅವರು ಒಂದು ದಿನ ಗೊತ್ತುಮಾಡಲಿ. ಎನ್‌ಡಿಎಗೆ ಬಹುಮತವಿದೆ, ವಿರೋಧ ಪಕ್ಷದವರಿಗೆ ಕೊಡುವ ಮನಸ್ಸಿಲ್ಲದಿದ್ದರೆ ತನ್ನವರನ್ನೇ ನಿಲ್ಲಿಸಿ ಗೆಲ್ಲಿಸಿಕೊಳ್ಳಲಿ.