ಉಳಿದ ರಜೆಯ ಹಣಕ್ಕೆ ರಿಲೀವಿಂಗ್ ಲೆಟರ್ ಅಡ್ಡಗಾಲು

ಬೆಂಗಳೂರಿನಲ್ಲಿ ರಾಜೀನಾಮೆ ಕೊಟ್ಟ ಯಾರನ್ನೇ ಕೇಳಿ, ಎಚ್‌ಆರ್‌ನವರು ಹೇಳಿದ್ದು ಹೆಚ್ಚೂಕಡಿಮೆ ಒಂದೇ ಮಾತು: ‘ಫುಲ್ ಅಂಡ್ ಫೈನಲ್ ಆಗೋಕೆ 45 ದಿನ ಬೇಕು’. ಕಾನೂನಿನಲ್ಲಿ ಇಂಥದ್ದೊಂದು 45 ದಿನವೇ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸ ಬಿಟ್ಟವರ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಅವರ ಕೈಸೇರಬೇಕು. ಬಳಸದೇ ಉಳಿದ ಗಳಿಕೆ ರಜೆಯ ಹಣಕ್ಕೂ ವೃತ್ತಿ ಸುರಕ್ಷತಾ ಸಂಹಿತೆ ಇದೇ ಗಡುವು ಹಾಕಿದೆ. ಇದು ಹೊಸ ಔದಾರ್ಯವೇನೂ ಅಲ್ಲ. ಕಾರ್ಖಾನೆಗಳ ಕಾಯ್ದೆಯ 79ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತಿತ್ತು.

ಲೆಕ್ಕ ಸರಳ. 20 ದಿನ ದುಡಿದರೆ ಒಂದು ದಿನದ ರಜೆ. ವರ್ಷದಲ್ಲಿ 180 ದಿನ ದುಡಿದವರಿಗೆ ರಜೆ ಪಡೆಯುವ ಅರ್ಹತೆ. ಮೊದಲು 240 ದಿನ ಬೇಕಿತ್ತು. ಆದರೆ ಹಲವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ: ನಡುವೆಯೇ ಕೆಲಸ ಬಿಟ್ಟವರಿಗೆ ಈ ಅರ್ಹತೆಯ ಷರತ್ತು ಅನ್ವಯಿಸುವುದಿಲ್ಲ. ನಾಲ್ಕೇ ತಿಂಗಳಿಗೆ ಬಿಟ್ಟು ಹೋದರೂ ದುಡಿದಷ್ಟು ದಿನಕ್ಕೆ ತಕ್ಕ ರಜೆಯ ವೇತನ ಕೊಡಲೇಬೇಕು. ಮುಂದಿನ ವರ್ಷಕ್ಕೆ 30 ದಿನಗಳವರೆಗೆ ರಜೆ ಉಳಿಸಿಕೊಳ್ಳಬಹುದು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳಿಗೆ ಅದು ಒಂದು ತಿಂಗಳ ಸಂಬಳ. ಕೆಲಸ ಬಿಟ್ಟಾಗ ಸಿಗುವ ಗಂಟು ಇಂಥ ಕಾರ್ಮಿಕರಿಗೆ ಎಷ್ಟು ಮುಖ್ಯ ಎಂಬುದನ್ನು 2016ರ ಏಪ್ರಿಲ್‌ನಲ್ಲಿ ರಾಜ್ಯ ಕಂಡಿದೆ. ಪಿಎಫ್ ಹಿಂಪಡೆಯುವ ನಿಯಮ ಬಿಗಿಯಾದಾಗ ಅವರು ಬೀದಿಗಿಳಿದರು, ಕೇಂದ್ರ ಸರ್ಕಾರ ಹಿಂದೆ ಸರಿಯಿತು.

ಹಾಗಿದ್ದರೆ ರಜೆಯ ಹಣಕ್ಕೆ ದನಿ ಏಕೆ ಏಳುವುದಿಲ್ಲ? ನನ್ನ ಪ್ರಕಾರ ಕಾರಣ ರಿಲೀವಿಂಗ್ ಲೆಟರ್, ಅಂದರೆ ಕೆಲಸದಿಂದ ಬಿಡುಗಡೆ ಮಾಡಿದ್ದಕ್ಕೆ ಕಂಪನಿ ಕೊಡುವ ಪತ್ರ. ಹೊಸ ಕಂಪನಿ ಅದನ್ನು ಕೇಳುತ್ತದೆ, ಹಳೆಯ ಕಂಪನಿ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ನೋಟಿಸ್ ಅವಧಿಯಲ್ಲಿ ಹತ್ತು ದಿನ ಕಡಿಮೆಯಾದರೆ ಅದರ ಹಣ ಆ ಕ್ಷಣವೇ ಕಡಿತ. ಕಂಪನಿ ಕೊಡಬೇಕಾದದ್ದು ಮಾತ್ರ ‘ಪ್ರೋಸೆಸ್‌ನಲ್ಲಿದೆ’. ಜಗಳ ಯಾಕೆ ಎಂದು ಜನ ‘ಇನ್ನೇನೂ ಬಾಕಿಯಿಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಿ ಬರುತ್ತಾರೆ.

ಆ ಸಹಿಗೆ ಅಷ್ಟು ಹೆದರಬೇಕಿಲ್ಲ. ವೇತನ ಸಂಹಿತೆಯಡಿ ಬರಬೇಕಾದ ಹಣವನ್ನು ಬಿಟ್ಟುಕೊಡುವ ಒಪ್ಪಂದ ಅನೂರ್ಜಿತ. ಕ್ಲೇಮ್ ಸಲ್ಲಿಸಲು ಮೂರು ವರ್ಷ ಕಾಲಾವಕಾಶವಿದೆ. ಹಳೆಯ ವೇತನ ಪಾವತಿ ಕಾಯ್ದೆಯಲ್ಲಿ ಅದು ಒಂದೇ ವರ್ಷವಿತ್ತು. ಹಣ ಕೊಟ್ಟಿದ್ದೇವೆ ಎಂದು ಸಾಬೀತುಪಡಿಸುವ ಹೊಣೆ ಮಾಲೀಕರದು. ಕ್ಲೇಮ್ ವಿಚಾರಿಸುವ ಪ್ರಾಧಿಕಾರ ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಬಹುದು. ಅಂದರೆ ಪತ್ರ ಕೈಗೆ ಬಂದು, ಹೊಸ ಕೆಲಸದಲ್ಲಿ ನೆಲೆಯೂರಿದ ಮೇಲೂ ಕೇಳಬಹುದು. ಸಂಬಳದ ಚೀಟಿ, ರಜೆಯ ಬಾಕಿ ತೋರಿಸುವ ಪುಟದ ಪ್ರತಿಯನ್ನು ಲಾಗಿನ್ ಬಂದ್ ಆಗುವ ಮೊದಲೇ ತೆಗೆದಿಟ್ಟುಕೊಳ್ಳುವುದು ಜಾಣತನ.

ತೊಡಕು ಮೇಲಿನ ಹುದ್ದೆಗಳಲ್ಲಿದೆ. ರಜೆಯ ಈ ಹಕ್ಕು ‘ಕಾರ್ಮಿಕ’ರಿಗೆ ಮಾತ್ರ, ಮ್ಯಾನೇಜರುಗಳು, 18,000 ರೂಪಾಯಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕರು ಹೊರಗೆ. ಅವರಿಗೆ ಹೆಚ್ಚಾಗಿ ನೇಮಕಾತಿ ಪತ್ರವೇ ಆಧಾರ. ಹಾಗೆಂದು ವಿಸಿಟಿಂಗ್ ಕಾರ್ಡಿನಲ್ಲಿ ‘ಮ್ಯಾನೇಜರ್’ ಎಂದಿದ್ದ ಮಾತ್ರಕ್ಕೆ ಹಕ್ಕು ಹೋಗದು. ನ್ಯಾಯಾಲಯಗಳು ನೋಡುವುದು ಮಾಡುವ ಕೆಲಸವನ್ನು, ಹುದ್ದೆಯ ಹೆಸರನ್ನಲ್ಲ.

ಒಬ್ಬೊಬ್ಬರೇ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಲಿ ಎನ್ನುವುದು ಸರ್ಕಾರಕ್ಕೆ ಸುಲಭದ ಉತ್ತರ. ನೌಕರ ಕೆಲಸ ಬಿಟ್ಟ ದಿನಾಂಕವನ್ನು ಕಂಪನಿಗಳು ಹೇಗೂ ಪಿಎಫ್ ಪೋರ್ಟಲ್‌ನಲ್ಲಿ ನಮೂದಿಸುತ್ತವೆ. ಎಷ್ಟು ರಜೆ ಉಳಿದಿತ್ತು, ಹಣ ಯಾವತ್ತು ಪಾವತಿಯಾಯಿತು ಎಂಬ ಎರಡು ಕಲಂಗಳನ್ನು ಅಲ್ಲೇ ಕಡ್ಡಾಯ ಮಾಡಿದರೆ, ಗಡುವು ಮೀರಿದವರ ಪಟ್ಟಿ ಯಾರೂ ದೂರು ಕೊಡದೆಯೇ ಇಲಾಖೆಯ ಮುಂದಿರುತ್ತದೆ.